ಸ್ವಲ್ಪ ನೋವು ಉಳಸ್ರಿ, ಡಾಕ್ಟರಮ್ಮಾರ

ನಮ್ಮ ಕಡೆ ಅರಿವಳಿಕೆ ತಜ್ಞೆ ಎಂದರೆ ಯಾರಿಗೂ ತಿಳಿಯುವುದಿಲ್ಲ, ಮತ್ತಿನ ಡಾಕ್ಟರಮ್ಮ ಎಂದರೆ ತಿಳಿಯುತ್ತದೆ. ಒಮ್ಮೆ ಮಕ್ತಲ್‌ನ ನಮ್ಮ ಮನೆಯಲ್ಲಿ ತಂದೆಯ ಗೆಳೆಯರೊಬ್ಬರು ರಾಯಚೂರಿನಿಂದ ಬಂದ ಬೀಗರಿಗೆ ನನ್ನನ್ನು ಪರಿಚಯಿಸುತ್ತ, "ಇಕಿ ನಮ್ಮ ಆಚಾರ್ರ ಮಗಳು. ಮೂರೂ ಊರಾಗ ಮಂದೀಗೆ ಮತ್ತು ಕೊಡೋದು ಇಕೀನ" ಎಂದುಬಿಟ್ಟರು. ಬೀಗರು ನಾನು ಆಗಷ್ಟೇ ಕೊಟ್ಟಿದ್ದ ಕಾಫಿಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಮೂರು ಊರು ಎಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ. ನಾನು ಒಂದೇ ಆಸ್ಪತ್ರೆಗೆ ಸೇರಿದವಳಲ್ಲ. ಯಾವ ಸರ್ಜನ್ ಕರೆದರೂ ಔಷಧದ ಚೀಲ ಹಿಡಿದು ಹೋಗುತ್ತಿದ್ದೆ. ಈಗ ಚೀಲ ಅಟ್ಟ ಸೇರಿದೆ. ಈ ವೃತ್ತಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಮನೆಗೆ ಬಂದು, ಯಾವ ಔಷಧ, ಎಷ್ಟು ಹಾಕುತ್ತಿದ್ದಿರಿ, ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳುತ್ತಾರೆ. ಅದೆಲ್ಲ ನಿಮ್ಮ ಪುಸ್ತಕದಲ್ಲಿ ನನಗಿಂತ ಚೆನ್ನಾಗಿ ಬರೆದಿದೆ ಎನ್ನುತ್ತೇನೆ. ಔಷಧ ಸರಿಯಾಗಿ ಕೆಲಸ ಮಾಡಿದ್ದರಿಂದಲೇ ನಾನು ಸಿಕ್ಕಿಬಿದ್ದ ಪ್ರಸಂಗ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ನಮ್ಮ ಸರ್ಜನ್ ಬಗ್ಗೆ ಹೇಳಬೇಕು. ಹೆಸರು ಬೇಡ. ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಾರಾಯಣಪೇಟೆಯಲ್ಲಿ ಅವರ ಸ್ವಂತ ದವಾಖಾನೆ ಇತ್ತು, ಗುರುವಾರಕ್ಕೊಮ್ಮೆ ಗದ್ವಾಲಿಗೆ ಹೋಗಿ ಆಪರೇಷನ್ ಮಾಡುತ್ತಿದ್ದರು. ಕೈ ಬಂಗಾರದಂಥದ್ದು. ಗಂಟಲು ಮಾತ್ರ ಹೊಲದ ಆಚೆ ದಂಡೆಯಲ್ಲಿರುವವರನ್ನು ಕರೆಯಲೆಂದೇ ಮಾಡಿದಂತಿತ್ತು. ಅವರಿಗೆ ಗುಟ್ಟು ಹೇಳುವುದೂ ಮೈಕಿನಲ್ಲಿ ಹೇಳುವುದೂ ಒಂದೇ. ನೋವಿನ ವಿಷಯದಲ್ಲಿ ಅವರದೊಂದು ಗಟ್ಟಿ ಸಿದ್ಧಾಂತವಿತ್ತು.

"ನೋವು ಅಂದ್ರ ಕಾವಲುಗಾರ ಇದ್ದಂಗ ನೋಡ್ರಿ ಡಾಕ್ಟರಮ್ಮ. ನೋವಿದ್ರ ಪೇಶಂಟು ಸುಮ್ನ ಮಲಗಿರ್ತಾರ. ಇಲ್ಲಂದ್ರ ಎದ್ದು ತಿರಗ್ಯಾಡತಾರ, ನಾ ಹಾಕಿದ ಹೊಲಿಗಿ ಬಿಚ್ಚತಾವ."

ನಾನು ಈ ಮಾತನ್ನು ವರ್ಷಗಟ್ಟಲೆ ವಿರೋಧಿಸಿದೆ. ಅದರಲ್ಲಿ ಅರ್ಧ ನಿಜವಿದೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಆ ಅರ್ಧ ಅವರಿಗೂ ತಿಳಿದಿರಲಿಲ್ಲ.

ನಾನು ಕೆಲಸ ಶುರುಮಾಡಿದಾಗ ಸ್ತನದ ಶಸ್ತ್ರಚಿಕಿತ್ಸೆ ಆದ ಹೆಂಗಸರಿಗೆ ನೋವಿಗೆಂದು ಸೊಂಟಕ್ಕೊಂದು ಬಲವಾದ ಇಂಜೆಕ್ಷನ್ ಕೊಡುತ್ತಿದ್ದೆವು. ಅವರು ತೂಕಡಿಸುತ್ತಿದ್ದರು, ಎಚ್ಚರವಾದಾಗ ವಾಂತಿ ಮಾಡುತ್ತಿದ್ದರು, ವಾಂತಿ ಮಾಡಿದಾಗಲೆಲ್ಲ ಹೊಲಿಗೆ ಜಗ್ಗಿ ಹೊಸದಾಗಿ ನೋಯುತ್ತಿತ್ತು. ಆಮೇಲೆ ಅಲ್ಟ್ರಾಸೌಂಡ್ ಬಂತು. ಬಸಿರು ನೋಡುವ ಯಂತ್ರವನ್ನೇ ಎದೆಯ ಮೇಲಿಟ್ಟು, ಪರದೆಯಲ್ಲಿ ಸ್ನಾಯುಗಳ ಪದರ ನೋಡುತ್ತ, ನರಗಳು ಹಾದುಹೋಗುವ ಸಂದಿಗೆ ಸೂಜಿಯಿಂದ ಮರಗಟ್ಟಿಸುವ ಔಷಧ ಬಿಡುವುದು ಕಲಿತೆವು. ಅದನ್ನು ನರದ ಬ್ಲಾಕ್ ಎನ್ನುತ್ತೇವೆ. ಆ ಜಾಗವಷ್ಟೇ ಮರಗಟ್ಟುತ್ತದೆ, ತಲೆ ಮಂಕಾಗುವುದಿಲ್ಲ. ಆದರೆ ಬೆಳಿಗ್ಗೆ ಹಾಕಿದ್ದು ಸಂಜೆಗೆ ಇಳಿದುಹೋಗುತ್ತಿತ್ತು. ಅದಕ್ಕೆ ಇನ್ನೊಂದು ಔಷಧವನ್ನು ಚೂರು ಬೆರೆಸಿದರೆ ಪರಿಣಾಮ ಮರುದಿನದವರೆಗೂ ಎಳೆಯುತ್ತದೆ. ಈ ಬೆರಕೆಗೆ ದೊಡ್ಡ ಸಾಹೇಬರು ಇಟ್ಟ ಹೆಸರು ಒಗ್ಗರಣೆ.

"ನಿಮ್ಮ ಒಗ್ಗರಣಿ ಆತೇನ್ರೀ? ನಾ ಚಾಕು ಹಿಡಕೊಂಡು ನಿಂತು ಎಷ್ಟೊತ್ತಾತು!"

ಒಗ್ಗರಣೆ ಕೆಲವೊಮ್ಮೆ ಸಿಡಿಯುತ್ತಿತ್ತು ಕೂಡ. ಅಲಂಪುರದ ಅರ್ಚಕರೊಬ್ಬರ ಹೆಂಡತಿಗೆ ಗದ್ವಾಲಿನಲ್ಲಿ ಗಡ್ಡೆ ತೆಗೆದೆವು. ಆಕೆಗೆ ಸಕ್ಕರೆ ಕಾಯಿಲೆ ಇತ್ತು. ನಾನು ಬೆರೆಸಿದ್ದು ಸ್ಟೀರಾಯ್ಡ್ ಜಾತಿಯ ಔಷಧ. ಮರುದಿನ ಬೆಳಿಗ್ಗೆ ಆಕೆಗೆ ನೋವಿರಲಿಲ್ಲ, ಸಕ್ಕರೆ ಮಾತ್ರ ಮುಗಿಲು ಮುಟ್ಟಿತ್ತು. ದೊಡ್ಡ ಸಾಹೇಬರು ವಾರ್ಡಿನ ನಡುವೆ ನಿಂತು, "ಯಾರು ಇವರಿಗೆ ಸಿಹಿ ತಿನಿಸಿದ್ರಿ?" ಎಂದು ಗುಡುಗಿದರು. ಅರ್ಚಕರು ಕೈಮುಗಿದು ಮುಂದೆ ಬಂದರು.

"ನಂದ ತಪ್ಪು ಸಾಹೇಬರ. ನಿನ್ನಿ ಸಂಜಿಗೆ ಇಷ್ಟೇ ಇಷ್ಟು ಪ್ರಸಾದ ಆಕಿ ಬಾಯಾಗ ಇಟ್ಟೀನಿ. ದೇವರದು ಅಂತ..."

"ಪ್ರಸಾದದಿಂದ ಆಗಿಲ್ರಿ ಆಚಾರ್ರ, ನಾ ಹಾಕಿದ ಔಷಧದಿಂದ ಆಗೈತಿ" ಎಂದೆ. ಅವರಿಗೆ ಸಮಾಧಾನವಾಯಿತು. ದೇವರ ಪ್ರಸಾದಕ್ಕೆ ಇಷ್ಟೂ ಶಕ್ತಿ ಇಲ್ಲವೆಂದು ಸ್ವಲ್ಪ ನಿರಾಸೆಯೂ ಆದಂತೆ ಕಂಡಿತು. ಆಕೆ ಮಂಚದ ಮೇಲಿಂದಲೇ, "ಹಂಗಾದ್ರ ಇನ್ನೊಂದೀಟು ಐತೇನ್ರೀ ಪ್ರಸಾದ?" ಎಂದು ಗಂಡನನ್ನು ಕೇಳಿದಳು. ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದೆವು. ಅಂದಿನಿಂದ ಬೆರಕೆ ಆರಿಸುವ ಮೊದಲು ಸಕ್ಕರೆ ಕೇಳುವುದನ್ನು ನಾನು ಮರೆತಿಲ್ಲ. ಇನ್ನೊಂದು ಜಾತಿಯ ಬೆರಕೆ ಇದೆ, ಅದು ಸಕ್ಕರೆ ಏರಿಸುವುದಿಲ್ಲ, ಆದರೆ ನಾಡಿಯನ್ನು ನಿಧಾನ ಮಾಡುತ್ತದೆ. ಅದನ್ನು ಹಾಕಿದ ದಿನ ನಾನು ಮಂಚದ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಪುಕ್ಕಟೆ ಕೆಲಸ ಮಾಡುವ ಔಷಧ ಇನ್ನೂ ಹುಟ್ಟಿಲ್ಲ.

ಇನ್ನು ಈರಮ್ಮನ ವಿಷಯ.

ಈರಮ್ಮ ಮರಿಕಲ್ ಹತ್ತಿರದ ಹಳ್ಳಿಯವಳು, ನಲವತ್ತರ ಆಸುಪಾಸು. ಮನೆಯಲ್ಲಿ ಗಂಡ, ಮಕ್ಕಳು, ಮೈದುನಂದಿರು, ಹೊಲದ ಆಳುಗಳು, ಎಲ್ಲರಿಗೂ ಜೋಳದ ರೊಟ್ಟಿ ಬಡಿಯುವುದು ಅವಳೊಬ್ಬಳದೇ ಕೈ. ಆ ಬಲಗೈ ಬದಿಯ ಎದೆಯಲ್ಲೇ ನಿಂಬೆಹಣ್ಣಿನಷ್ಟು ಗಡ್ಡೆ. ಅವಳ ಜೊತೆ ಬಂದದ್ದು ಅತ್ತೆ ಬಸಮ್ಮ. ಗಟ್ಟಿ ಮುದುಕಿ. ದವಾಖಾನೆಗೆ ಬಂದವಳೇ ಮಂಚದ ಕೆಳಗೆ ಚಾಪೆ ಹಾಸಿ, ಅದು ತನ್ನ ಮನೆಯೇ ಎಂಬಂತೆ ಕೂತಳು.

ದೊಡ್ಡ ಸಾಹೇಬರು ಗಡ್ಡೆ ತೆಗೆದರು. ನಾನು ಬ್ಲಾಕ್ ಹಾಕಿದೆ, ಬೆರಕೆಯ ಸಮೇತ. ಮರುದಿನ ಬೆಳಿಗ್ಗೆ ಹೋದರೆ ಈರಮ್ಮ ಎದ್ದು ಕೂತು, ತಾನೇ ತಲೆ ಬಾಚಿಕೊಳ್ಳುತ್ತಿದ್ದಳು.

"ಖರೇನ ಕೊಯ್ದಾರೇನ್ರೀ ಡಾಕ್ಟರಮ್ಮಾರ? ನನಗ ಏನೂ ಆಗಿಲ್ಲನಂಗ ಐತಿ."

ನನ್ನ ಎದೆ ಉಬ್ಬಿತು. ಕೆಳಗಿನಿಂದ ಬಸಮ್ಮ, "ಏನೂ ಆಗಿಲ್ಲಂತ ಆಕೀನ ಅಂತಾಳಲ್ಲ" ಎಂದಳು. ನಾನು ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡೆ.

ಅಂದೇ ಮನೆಗೆ ಕಳಿಸುವಾಗ ನರ್ಸ್ ಸುನೀತಾ ಎಲ್ಲ ಹೇಳಿದಳು, ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಭಾರ ಎತ್ತಬಾರದು, ನೀರು ಹೊರಬಾರದು, ರೊಟ್ಟಿ ಬಡಿಯಬಾರದು. ಕೊನೆಗೆ ಬಸಮ್ಮ, ಬದನೆಕಾಯಿ ತಿನ್ನಬಹುದೇ ಎಂದು ಕೇಳಿದಳು. ಕೆಲವು ದಿನ ಬೇಡ ಎಂದಳು ಸುನೀತಾ, ಸುಮ್ಮನೆ ಬಾಯಿಗೆ ಬಂದದ್ದು. ಮುಂದಿನ ವಾರ ಈರಮ್ಮ ತಿರುಗಿ ಬಂದಾಗ ಎದೆಯ ಬದಿ ಊದಿತ್ತು, ಒಳಗೆ ನೀರು ತುಂಬಿತ್ತು, ಒಂದು ಕಡೆ ಹೊಲಿಗೆ ಬಾಯಿಬಿಟ್ಟಿತ್ತು. ಅವರು ಪಾಲಿಸಿದ್ದು ಬದನೆಕಾಯಿಯದೊಂದೇ.

ದೊಡ್ಡ ಸಾಹೇಬರು ನನ್ನ ಕಡೆ ತಿರುಗಿದರು. "ಕಾವಲುಗಾರನ್ನ ಕೆಲಸದಿಂದ ತೆಗದ್ರ ಏನಾಗತೈತಿ, ನೋಡ್ರಿ."

ನಾನು ಬಸಮ್ಮನನ್ನು ಕೇಳಿದೆ, ರೊಟ್ಟಿ ಬಡಿಯಲು ಹಚ್ಚಬೇಡಿ ಎಂದಿರಲಿಲ್ಲವೇ ಎಂದು.

"ಅಂದಿದ್ರಿ ಯವ್ವಾ. ಡಾಕ್ಟರ್ ಅಂದ ಮ್ಯಾಲೆ ಹೇಳೇ ಹೇಳ್ತಾರ" ಎಂದಳು ಮುದುಕಿ. "ಆಕಿ ಒಮ್ಮೆರ ಯವ್ವಾ ಅಂದಿದ್ರ ನಾ ಕೂಡಸ್ತಿದ್ದಿಲ್ಲೇನು? ನಾವೇನು ಮನುಷ್ಯಾರಲ್ಲೇನ್ರೀ? ಮನಿಗೆ ಬಂದ ದಿನಾನ ನಕ್ಕೋತ ಓಡ್ಯಾಡತಿದ್ಲು. ರೊಟ್ಟಿ ಬಡಿ ಅಂದೆ, ಬಡದ್ಲು. ನೋವಿದ್ದಾಕಿ ಹಂಗ ಬಡೀತಾಳೇನು?"

ಅವಳು ಸುಳ್ಳು ಹೇಳುತ್ತಿರಲಿಲ್ಲ, ಕ್ರೂರಿಯೂ ಅಲ್ಲ. ಆ ಮನೆಯಲ್ಲಿ ಹೆಂಗಸರು ಮಲಗಬೇಕಾದರೆ ನೋವು ಅಡುಗೆಮನೆಯವರೆಗೆ ಕೇಳಿಸಬೇಕಿತ್ತು. ತಾನೂ ಹಾಗೆಯೇ ಬದುಕಿದವಳು. ಈರಮ್ಮನ ಹತ್ತಿರ ರಜೆ ಪಡೆಯಲು ಇದ್ದದ್ದು ನೋವೊಂದೇ, ಅದನ್ನು ನಾನು ಬಹಳ ಶ್ರದ್ಧೆಯಿಂದ ತೆಗೆದುಹಾಕಿದ್ದೆ.

ಗಡ್ಡೆಯ ಪರೀಕ್ಷೆ ಬಂತು. ಕ್ಯಾನ್ಸರ್. ಸ್ತನವನ್ನೂ ಕಂಕುಳ ಕೆಳಗಿನ ಗಂಟುಗಳನ್ನೂ ತೆಗೆಯಬೇಕೆಂದು ದೊಡ್ಡ ಸಾಹೇಬರು ಹೇಳಿದರು. ಈರಮ್ಮ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಗಾಯ ಮಾಗಿದ ಮೇಲೆ ಎರಡನೆಯ ಆಪರೇಷನ್ ಇಟ್ಟೆವು. ಅದರ ಹಿಂದಿನ ದಿನ ಅವಳನ್ನು ನೋಡಲು ಹೋದೆ. ಬಸಮ್ಮ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು.

"ಡಾಕ್ಟರಮ್ಮಾರ, ಈ ಸಲ ಆ ಸೂಜಿ ಹಾಕಬ್ಯಾಡ್ರಿ" ಎಂದಳು ಈರಮ್ಮ.

"ಯಾಕವ್ವಾ? ಹೋದ ಸಲ ಏನರ ತ್ರಾಸ ಆತೇನು?"

"ತ್ರಾಸ ಆಗ್ಲಿಲ್ರಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ." ಬಾಗಿಲ ಕಡೆ ನೋಡಿ, "ಪೂರಾ ನೋವು ಬ್ಯಾಡ್ರಿ. ಸ್ವಲ್ಪ ಉಳಸ್ರಿ. ಮನಿ ಮಂದೀಗೆ ಕೇಳೋ ಅಷ್ಟು."

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. "ಅಷ್ಟೇ ಉಳಸು ಅಂದ್ರ ಹೆಂಗ ಉಳಸಾಕ ಬರತೈತವ್ವಾ? ಈ ಸಲ ಕೊಯ್ಯೋದು ಭಾಳ ಐತಿ. ಈಗ ನೋವು ಹಂಗ ಬಿಟ್ರ ಅದು ವರ್ಷಗಟ್ಟಲೆ ಅಲ್ಲೇ ಉಳಕೊಂಡು ಬಿಡಬೌದು. ನೋವಿಗೆ ಅಂಜಿ ಕೈ ಆಡಿಸಲಿಲ್ಲಂದ್ರ ಕೈನೂ ಬಿಗೀತೈತಿ."

"ನೋವು ಇಲ್ಲಂದ್ರೂ ಕೈ ಉಳ್ಯಂಗಿಲ್ರಿ ನಂದು. ರೊಟ್ಟಿಗೆ ಹೋಗತೈತಿ."

ಅತ್ತೆಗೆ ಇನ್ನೊಮ್ಮೆ ಹೇಳಬಹುದು, ಆದರೆ ಹೇಳಿದ್ದರ ಫಲ ನೋಡಿಯಾಗಿತ್ತು. ಕೊನೆಗೆ, "ಸೂಜಿ ನಾ ಹಾಕೇ ಹಾಕತೀನಿ. ಬಾಯಿ ನಿಂದು. ನರಳಾಕ ನನ್ನ ಪರವಾನಗಿ ಯಾಕ ಬೇಕು?" ಎಂದೆ.

ಈರಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ನಾನು ಮೆಟ್ಟಿಲು ಹತ್ತುವಾಗಲೇ ಅವಳ ನರಳಾಟ ಕೇಳಿಸಿತು. ಓಡಿಹೋಗಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಎದೆಯ ಬದಿ, ಕಂಕುಳು ಎಲ್ಲ ಮುಟ್ಟಿ ನೋಡಿದೆ. ಬ್ಲಾಕ್ ಇಳಿದಿದ್ದರೆ ಆ ತಂಪು ತಿಳಿಯಬೇಕು. ತಣ್ಣಗಾಗುತ್ತಿದೆಯೇ ಎಂದರೆ ಎಲ್ಲೂ ಗೊತ್ತಾಗುತ್ತಿಲ್ಲ ಎಂದು ತಲೆಯಾಡಿಸಿ, ಒಂದು ಕಣ್ಣು ಮಿಟುಕಿಸಿ, ಮತ್ತೆ ನರಳಿದಳು. ಬಹಳ ಅಚ್ಚುಕಟ್ಟಾದ ನರಳಾಟ. ಹಳ್ಳಿಯ ನೆಂಟರು ಬಂದಾಗ "ಯವ್ವಾ", ತೆಲುಗಿನ ನೆಂಟರು ಬಂದಾಗ "ಅಮ್ಮೋ". ಯಾರೂ ಇಲ್ಲದಾಗ ಸುನೀತಾ ಹೇಳಿಕೊಟ್ಟಂತೆ ಬೆರಳು ಮಡಚಿ ಬಿಚ್ಚುತ್ತ, ಮೊಣಕೈ ಆಡಿಸುತ್ತ, ಪಕ್ಕದ ಮಂಚದವಳ ಜೊತೆ ಹರಟೆ. ಬಸಮ್ಮ ಸೊಸೆಗೆ ಗಂಜಿ ಕುಡಿಸಿದಳು, ಕಾಲು ಒತ್ತಿದಳು, ಬಂದವರಿಗೆಲ್ಲ, "ಭಾಳ ನೋವೈತಿ ಪಾಪ, ಮಾತಾಡಸಬ್ಯಾಡ್ರಿ" ಎಂದು ಬಾಗಿಲಲ್ಲೇ ತಡೆದಳು.

ಸಂಗತಿ ಇಷ್ಟು ಚೆನ್ನಾಗಿ ನಡೆದಿರುವಾಗ ದೊಡ್ಡ ಸಾಹೇಬರು ರೌಂಡಿಗೆ ಬಂದರು. ಈರಮ್ಮ ಅತ್ತೆಯ ಎದುರು ಒಂದು ಉದ್ದನೆಯ "ಯವ್ವಾ" ಎಳೆದಳು. ಸಾಹೇಬರ ಮುಖ ಅರಳಿತು.

"ನಿಮ್ಮ ಒಗ್ಗರಣಿ ಸೀದು ಹೋತಲ್ರೀ ಡಾಕ್ಟರಮ್ಮ!"

"ಬ್ಲಾಕ್ ಕೆಲಸ ಮಾಡೈತ್ರೀ ಸಾಹೇಬರ" ಎಂದೆ.

"ನನಗ ಕಿವಿ ಇಲ್ಲೇನ್ರೀ? ಗುರುವಾರ ಗದ್ವಾಲದಾಗ ಟೀಚರಮ್ಮಂದು ಆಪರೇಷನ್ ಐತಲ್ಲ, ಅವರಿಗೆ ಇದೇನೂ ಬ್ಯಾಡ. ಇನ್ನ ಮ್ಯಾಲೆ ಯಾರಿಗೂ ಬ್ಯಾಡ. ಹಳೇ ಇಂಜೆಕ್ಷನ್ ಸಾಕು."

ಬಸಮ್ಮ ಅಲ್ಲೇ ನಿಂತಿದ್ದಳು. ನಾನು ಬಾಯಿ ತೆರೆದರೆ ಈರಮ್ಮನ ರಜೆ ಹೋಗುತ್ತದೆ, ಸುಮ್ಮನಿದ್ದರೆ ಮುಂದಿನ ಎಲ್ಲ ಹೆಂಗಸರ ಸೂಜಿ ಹೋಗುತ್ತದೆ. ಆಚೆ ಕರೆದು ಹೇಳೋಣವೆಂದರೆ, ಅವರು "ಏನು, ಸುಳ್ಳ ನರಳತಾಳೇನು?" ಎಂದು ಕೇಳುವುದು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವರಿಗೂ ಕೇಳಿಸುತ್ತಿತ್ತು. ಜೀವನದಲ್ಲಿ ಅತ್ಯಂತ ಚೆನ್ನಾಗಿ ಕೂತ ಬ್ಲಾಕನ್ನು ಕೆಟ್ಟಿದೆ ಎಂದು ಒಪ್ಪಿಕೊಂಡವಳಂತೆ ತಲೆ ತಗ್ಗಿಸಿ ನಿಂತೆ. ಸುನೀತಾ ಮಾತ್ರ ತಡೆಯಲಾರದೆ, ಆ ಮಧ್ಯಾಹ್ನ ಡ್ರೆಸ್ಸಿಂಗ್ ನೋಡುವಾಗ ಈರಮ್ಮನಿಗೆ ಎಲ್ಲ ಹೇಳಿಬಿಟ್ಟಳು.

ಮರುದಿನದ ರೌಂಡಿನಲ್ಲಿ ಸಾಹೇಬರು ಮಂಚದ ಹತ್ತಿರ ಬರುತ್ತಿದ್ದಂತೆ ಈರಮ್ಮ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಬಾಯಿ ಒಣಗೈತಿ. ಒಂದೀಟು ಚಾ ತರ್ತೀಯೇನು?"

ಮುದುಕಿ ಹೋಗಿ ಮೆಟ್ಟಿಲಿಳಿಯುವ ಸದ್ದು ಕೇಳುವವರೆಗೆ ಕಾದಳು. ಆಮೇಲೆ ಬಲಗೈಯನ್ನು ಮೆಲ್ಲಗೆ ಭುಜದವರೆಗೆ ಎತ್ತಿ ಇಳಿಸಿದಳು.

"ನನಗ ನೋವಿಲ್ರಿ ಸಾಹೇಬರ. ನಿನ್ನೆರ ಒಂಚೂರೂ ಇರಲಿಲ್ಲ, ಇವತ್ತು ಒಂದೀಟು ಚುರುಚುರು ಅಂತೈತಿ ಅಷ್ಟ. ಆ ಟೀಚರಮ್ಮಾರಿಗೆ ಸೂಜಿ ತಪ್ಪಸಬ್ಯಾಡ್ರಿ."

ಸಾಹೇಬರು ಕೈಯನ್ನು ನೋಡಿದರು, ನನ್ನನ್ನು ನೋಡಿದರು. "ಮತ್ತ ನಿನ್ನಿ ನರಳಿದ್ದಿ?"

"ಅದು ಅತ್ತೀ ಮುಂದ ನರಳಿದ್ದು. ನಿಮಗಲ್ರಿ."

"ಹಂಗಾದ್ರ ಇಷ್ಟು ವರ್ಷ ನಾ ಕೇಳಿದ ನರಳಾಟ ಎಲ್ಲಾ..." ಎಂದು ಸಾಹೇಬರು ಶುರುಮಾಡಿ, ಅಲ್ಲೇ ಬಿಟ್ಟರು. ಅಷ್ಟರಲ್ಲಿ ಬಸಮ್ಮ ಲೋಟ ಹಿಡಿದು ಬಂದಳು. ಈರಮ್ಮನ "ಯವ್ವಾ" ಸ್ವಲ್ಪ ತಡವಾಯಿತು. ಅದನ್ನು ಮುಚ್ಚಲು ಸಾಹೇಬರೇ ಮುಂದಾದರು. ನಟನೆ ಅವರ ಜಾಯಮಾನವಲ್ಲ.

"ಭಾಳ ನೋವೈತಿ ಇಕಿಗೆ! ಭಾಳ ಅಂದ್ರ ಭಾಳ! ನಾ ನೋಡೇ ಇಲ್ಲ ಇಂಥ ನೋವು! ಮೂರು ತಿಂಗಳು ರೊಟ್ಟಿ ಬಡಿಯಂಗಿಲ್ಲ, ಕೊಡ ಎತ್ತಂಗಿಲ್ಲ, ತಿಳೀತಿಲ್ಲೋ?"

ಬಸಮ್ಮನ ಕೈಯಲ್ಲಿ ಚಹಾ ತುಳುಕಿತು. "ಆತ್ರಿ ಸಾಹೇಬರ. ಮತ್ತ ಅಷ್ಟು ಮಂದೀಗೆ ರೊಟ್ಟಿ ಯಾರು ಬಡೀಬೇಕ್ರಿ? ನನ್ನ ಕೈ ಹೋಗ್ಯಾವ."

"ನಿನ್ನ ಮಗನಿಗೆ ಕೈ ಇಲ್ಲೇನು?"

"ಅದಾವ್ರೀ. ಆದ್ರ ಹೊಲದಿಂದ ಬಂದ ಅಂದ್ರ ಅವನು ಇಕಿಗಿಂತ ಜೋರು ನರಳ್ತಾನ್ರೀ."

ಅದಕ್ಕೆ ಬೆರಕೆಯ ಔಷಧ ನನ್ನ ಚೀಲದಲ್ಲಿರಲಿಲ್ಲ. ಕೊನೆಗೆ ಆ ಮನೆಯವರು ಪಕ್ಕದ ಓಣಿಯ ಹೆಂಗಸೊಬ್ಬಳ ಹತ್ತಿರ ರೊಟ್ಟಿ ಮಾಡಿಸಿಕೊಂಡರೆಂದು ಕೇಳಿದೆ. ಈರಮ್ಮ ಕರ್ನೂಲಿಗೆ ಹೋಗಿ ಕಿಮೋ ತೆಗೆದುಕೊಂಡಳು. ಕೂದಲು ಉದುರಿತು, ಮೈ ಹಣ್ಣಾಯಿತು. ಆಗ ನಟಿಸುವ ಅಗತ್ಯ ಬೀಳಲಿಲ್ಲ ಎಂದು ಅವಳೇ ಹೇಳಿದಳು. ಮುಂದಿನ ವರ್ಷ ತೋರಿಸಿಕೊಳ್ಳಲು ಬಂದಾಗ ಬಲಗೈಯನ್ನು ಕಿವಿಗೆ ತಾಗುವವರೆಗೆ ಎತ್ತಿ ತೋರಿಸಿದಳು. ನಾನು ಕೆಲಸ ಬಿಡುವ ಹೊತ್ತಿಗೂ ಆರಾಮವಾಗಿದ್ದಳು.

ಟೀಚರಮ್ಮನಿಗೆ ಗುರುವಾರ ಬ್ಲಾಕ್ ಹಾಕಿದೆ. ಸಾಹೇಬರು ಚಾಕು ಹಿಡಿದು ಕಾದರು, ತುಟಿ ಬಿಚ್ಚಲಿಲ್ಲ. ಸಂಜೆ ಗದ್ವಾಲಿನಿಂದ ಹೊರಡುವ ಮೊದಲು ಇಬ್ಬರೂ ಟೀಚರಮ್ಮನ ಕೋಣೆಗೆ ಹೋದೆವು. ಗಂಡ ಮಂಚದ ತಲೆದೆಸೆಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದರು.

"ಹೆಂಗದೀರಿ ಟೀಚರಮ್ಮ?" ಎಂದರು ಸಾಹೇಬರು.

"ಆರಾಮ ಅದೀನ್ರಿ. ನೋವೇನೂ ಇಲ್ಲ." ನಗುತ್ತಲೇ ಹೇಳಿದರು.

ನಾನು ಸಂತೋಷದಿಂದ ಚೀಲದ ಜಿಪ್ಪು ಎಳೆದೆ. ಸಾಹೇಬರು ಹೊರಡಲಿಲ್ಲ. ಗಂಡನ ಕಡೆ ತಿರುಗಿ, "ಹೋಗಿ ಚಾ ಕುಡದು ಬರ್ರಿ" ಎಂದರು. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಸ್ಟೂಲ್ ಎಳೆದು ಕೂತು, "ಈಗ ಹೇಳ್ರಿ" ಎಂದರು.

ಟೀಚರಮ್ಮನ ಕಣ್ಣು ತುಂಬಿಬಂತು. "ಕಂಕುಳದಾಗ ಬೆಂಕಿ ಇಟ್ಟಂಗ ಆಗೈತ್ರೀ ಸಾಹೇಬರ. ಆವಾಗಿಂದ ತಡಕೊಂಡೀನಿ. ಅವರ ಮುಂದ ಅನ್ನಾಕ ಆಗಂಗಿಲ್ರಿ, ನನಗಿಂತ ಅವರಾ ಅಂಜ್ಯಾರ."

ಹತ್ತಿಯಿಂದ ಮುಟ್ಟಿ ನೋಡಿದೆ. ಎದೆಯೆಲ್ಲ ಮರಗಟ್ಟಿತ್ತು. ಕಂಕುಳಲ್ಲಿ ಮುಟ್ಟಿದಾಗ ಬೆಚ್ಚಿದರು. ನನ್ನ ಔಷಧ ಅಲ್ಲಿಗೆ ಹೋಗಿಯೇ ಇರಲಿಲ್ಲ. ಯಂತ್ರ ತರಿಸಿ, ಆ ಜಾಗಕ್ಕೆ ಇನ್ನೊಂದು ಚಿಕ್ಕ ಸೂಜಿ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ಹುಬ್ಬಿನ ಗಂಟು ಬಿಚ್ಚಿತು, ಹಿಡಿದಿದ್ದ ಹೊದಿಕೆಯ ಅಂಚನ್ನು ಬಿಟ್ಟರು, ನಿದ್ದೆ ಹತ್ತಿತು.

ಗಂಡ ನಮಗೂ ಚಹಾ ಹಿಡಿದುಕೊಂಡು ಬಂದರು. ಹೆಂಡತಿಯ ಮುಖ ನೋಡಿ ಅವರ ಮುಖವೂ ತಿಳಿಯಾಯಿತು. "ನೋಡ್ರಿ ಸಾಹೇಬರ, ಬೆಳಗಿನಿಂದ ಒಮ್ಮೆರ ಯವ್ವಾ ಅಂದಿಲ್ಲ. ಇಕಿಗೆ ನೋವೇ ಇಲ್ಲ."

ಸಾಹೇಬರು ಚಹಾದ ಲೋಟ ತೆಗೆದುಕೊಂಡರು.

"ಈಗ ಇಲ್ರಿ" ಎಂದರು.